ಸುತ್ತು ಹಾಕಿದ ಹಡಗು

ಅಕ್ಟೋಬರ್ ಚಾಟ್ನಿಗೆ, ಅಂದರೆ ಬಳ್ಳಿ ಸವರುವ ಕೆಲಸಕ್ಕೆ, ಕತ್ತರಿ ಹಿಡಿದ ಮೇಲೆ ಐನಾಪುರದ ದ್ರಾಕ್ಷಿ ತೋಟಗಳಲ್ಲಿ ಮಾತು ಕಡಿಮೆಯಾಗುತ್ತದೆ. ಬೇಸಿಗೆಯಿಂದ ಬೆಳೆದು ಬಲಿತ ಕಡ್ಡಿಯ ಮೇಲೆ ಸಾಲಾಗಿ ಕಣ್ಣುಗಳಿರುತ್ತವೆ. ಯಾವ ಕಣ್ಣಿನಲ್ಲಿ ಗೊನೆ ಅಡಗಿದೆ, ಯಾವುದರಲ್ಲಿ ಬರೀ ಎಲೆ ಎಂದು ಬೆರಳಿನಿಂದ ಎಣಿಸಿ, ಗೊನೆಯ ಕಣ್ಣಿನ ಆಚೆಗೆ ಕತ್ತರಿಸಬೇಕು. ಕತ್ತರಿ ಒಂದು ಕಣ್ಣು ಈಚೆಗೆ ಬಿದ್ದರೂ ಆ ಕಡ್ಡಿ ಆ ವರ್ಷ ನೆರಳು ಕೊಟ್ಟೀತು, ಹಣ್ಣು ಕೊಡದು. ಉಜ್ವಲಾ ಈ ಕೆಲಸಕ್ಕೆ ಹೊಸಬಳು. ಒಂದೊಂದು ಕಡ್ಡಿಗೂ ಎರಡೆರಡು ಸಲ ಎಣಿಸುತ್ತಿದ್ದಳು. ಪಕ್ಕದ ಸಾಲಿನ ಹೆಂಗಸರು ಬಳ್ಳಿಯ ತುದಿ ಮುಟ್ಟಿ ಮುಂದಿನ ಸಾಲಿಗೆ ಹೊರಳಿದರೂ ಇವಳು ನಡುವೆಯೇ ಇರುತ್ತಿದ್ದಳು.

ಇಪ್ಪತ್ತು ವರ್ಷ ಸಮುದ್ರದಲ್ಲಿದ್ದವಳು ಅವಳು. ಕೊನೆಯ ನಾಲ್ಕು ವರ್ಷ ಒಂದು ಡಚ್ ಕಂಪನಿಯ ಸರಕು ಹಡಗಿಗೆ ಕ್ಯಾಪ್ಟನ್. ಊರಿನಲ್ಲಿ ಅವಳ ಹೆಸರೇ ಡಚ್ ಕ್ಯಾಪ್ಟನ್ ಎಂದಾಗಿತ್ತು. ಅವಳು ಕ್ಯಾಪ್ಟನ್ ಆದ ಸುದ್ದಿ ಬಂದ ದಿನ ರಾವಸಾಹೇಬ ಕಾಕಾ ಬಸ್ ಸ್ಟ್ಯಾಂಡಿನಲ್ಲಿ ದೊಡ್ಡ ಬ್ಯಾನರ್ ಕಟ್ಟಿಸಿದ್ದರು. ಬಿಳಿ ಸಮವಸ್ತ್ರದಲ್ಲಿ ಉಜ್ವಲಾ, ಭುಜದ ಮೇಲೆ ಬಂಗಾರದ ನಾಲ್ಕು ಪಟ್ಟಿ, ಅವಳ ಕಾಲ ಬುಡದಲ್ಲಿ ದ್ರಾಕ್ಷಿ ಬೆಳೆಗಾರರ ಸಂಘದ ಅಷ್ಟೂ ಸದಸ್ಯರ ಚಿಕ್ಕ ಫೋಟೋಗಳು. ಕಾಕಾ ಅವಳ ತೀರಿಹೋದ ತಂದೆಯ ಚಿಕ್ಕಪ್ಪನ ಮಗ, ಸಂಘದ ಅಧ್ಯಕ್ಷರು. ಆ ಬ್ಯಾನರನ್ನು ಈಗ ಸಂಘದ ಮಣೂಕ ಒಣಗಿಸುವ ಶೆಡ್ಡಿನ ಮಾಡಿಗೆ ಮುಖ ಕೆಳಗಾಗಿ ಹೊದಿಸಿದ್ದಾರೆ. ಶೆಡ್ಡಿನೊಳಗೆ ನಿಂತು ತಲೆ ಎತ್ತಿದರೆ ಉಜ್ವಲಾಳ ಮುಖ ಒಣದ್ರಾಕ್ಷಿಯ ರ್‍ಯಾಕುಗಳನ್ನು ನೋಡಿ ನಗುತ್ತಿರುತ್ತದೆ.

ಬ್ಯಾನರ್ ಮಾಡಿಗೆ ಏರಲು ಕಾರಣವಾದ ಸಂಗತಿ ಎರಡು ಸುಗ್ಗಿಯ ಹಿಂದಿನದು. ಆಗ ಕೆಂಪು ಸಮುದ್ರದಲ್ಲಿ ಸರಕು ಹಡಗುಗಳ ಮೇಲೆ ಕ್ಷಿಪಣಿ, ಡ್ರೋನು ಬೀಳುತ್ತಿದ್ದ ಕಾಲ. ಆ ವರ್ಷ ಸಂಘದ ದ್ರಾಕ್ಷಿ ರೋಟರ್ಡ್ಯಾಮಿಗೆ ಹೋಗಲು ಮುಂಬೈ ಬಂದರಿನಲ್ಲಿ ಒಂದು ಹಡಗು ಸಿದ್ಧವಿತ್ತು. ಕಾಕಾ ಬೇಡವೆಂದರು. ಇನ್ನೊಂದು ವಾರಕ್ಕೆ ನಮ್ಮ ಉಜ್ವಲಾಳ ಹಡಗು ಬರುತ್ತದೆ, ಮನೆಯ ಹುಡುಗಿ ಇರುವಾಗ ಪರರ ಹಡಗು ಯಾಕೆ ಎಂದು ಎಲ್ಲರ ಕಟಾವನ್ನು ನಿಲ್ಲಿಸಿದರು. ಹಣ್ಣು ಬಳ್ಳಿಯ ಮೇಲೆ ಒಂದು ವಾರ ಹೆಚ್ಚು ಬಲಿಯಿತು. ಪೆಟ್ಟಿಗೆಗಳು ಹಡಗೇರಿದ ಮೇಲೆಯೇ ಕಾಕಾ ಅವಳಿಗೆ ಫೋನ್ ಮಾಡಿದ್ದು. "ಊರಾಗಿನ ದ್ರಾಕ್ಷಿ ಎಲ್ಲಾ ನಿನ್ನ ಉಡಿಯಾಗ ಹಾಕೇವಿ ನೋಡು ತಂಗಿ," ಎಂದಿದ್ದರು.

ಕಾಕಾ ಬೇಡವೆಂದ ಹಡಗು ಕೆಂಪು ಸಮುದ್ರವನ್ನು ನೆಟ್ಟಗೆ ದಾಟಿತು. ಅದೂ ಉಜ್ವಲಾಳ ಕಂಪನಿಯದೇ, ಅದರ ಕ್ಯಾಪ್ಟನ್ ವೀಬ್ರೆನ್ ಎಂಬ ಡಚ್ಚರವನು. ಉಜ್ವಲಾ ಹೊಸದಾಗಿ ಸಮುದ್ರಕ್ಕೆ ಇಳಿದಾಗ ಅವಳಿಗೆ ನಕ್ಷೆಯ ಮೇಲೆ ಪೆನ್ಸಿಲ್ ಹಿಡಿಯುವುದನ್ನು ಕಲಿಸಿದವನು. ವಾರದ ನಂತರ ಆ ಸಮುದ್ರಕ್ಕೆ ಹೋಗುವ ಜಲಸಂಧಿಯ ಬಾಯಿಗೆ ಉಜ್ವಲಾ ಬಂದಾಗ, ಮುಂದಿದ್ದ ಬೇರೆ ಕಂಪನಿಯ ಹಡಗೊಂದಕ್ಕೆ ಬೆಂಕಿ ಹತ್ತಿದ ಕೂಗು ರೇಡಿಯೋದಲ್ಲಿ ಕೇಳಿತು. ಕಂಪನಿಯಿಂದ ಸಂದೇಶ ಬಂತು: ಮುಂದುವರಿಯುವುದೇ ಸರಿ ಎಂದು ನಮ್ಮ ಅಭಿಪ್ರಾಯ, ಕೊನೆಯ ತೀರ್ಮಾನ ಕ್ಯಾಪ್ಟನ್ನರದು. ಅಂಥ ವಾಕ್ಯವನ್ನು ಆಜ್ಞೆಯೆಂದೇ ಓದಬೇಕೆಂಬುದು ಸಮುದ್ರದಲ್ಲಿರುವ ಎಲ್ಲರಿಗೂ ಗೊತ್ತು. ಅವಳು ಅಡುಗೆಮನೆಯ ಬಾಗಿಲಲ್ಲಿ ಒಂದು ಕ್ಷಣ ನಿಂತಳು. ಫಿಲಿಪೀನ್ಸಿನ ಅಡುಗೆಯವನು ಜೀವರಕ್ಷಕ ಜಾಕೆಟ್ ತೊಟ್ಟು ಆಲೂಗಡ್ಡೆ ಹೆರೆಯುತ್ತಿದ್ದ. ಜಾಕೆಟ್ಟಿನ ದಪ್ಪಕ್ಕೆ ಅವನ ಮೊಣಕೈ ಮಡಚುತ್ತಿರಲಿಲ್ಲ, ಸಿಪ್ಪೆ ಎಲ್ಲೆಲ್ಲೋ ಬೀಳುತ್ತಿತ್ತು. ಅವಳು ಮೇಲೆ ಹೋಗಿ ಹಡಗನ್ನು ಎಡಕ್ಕೆ ತಿರುಗಿಸಲು ಹೇಳಿದಳು. ಇಡೀ ಆಫ್ರಿಕಾ ಸುತ್ತಿಕೊಂಡು ಹೋಗುವ ದಾರಿ. ತಿರುಗಿಸುವಾಗ ಅವಳಿಗೆ ಗೊತ್ತಿತ್ತು: ಕೆಳಗಿನ ತಂಪು ಪೆಟ್ಟಿಗೆಗಳಲ್ಲಿ ತನ್ನ ತಮ್ಮ ಈಶ್ವರನ ದ್ರಾಕ್ಷಿಯೂ ಇದೆ.

ರೋಟರ್ಡ್ಯಾಮ್ ಮುಟ್ಟುವಷ್ಟರಲ್ಲಿ ಗೊನೆಯ ಕಾಂಡ ಕಂದು ಬಣ್ಣಕ್ಕೆ ತಿರುಗಿ, ಹಣ್ಣು ನೀರೊಡೆದಿತ್ತು. ಒಂದು ಪೆಟ್ಟಿಗೆಯೂ ಮಾರಾಟವಾಗಲಿಲ್ಲ. ಹಡಗಿನ ಜನ ಮಾತ್ರ ಎಲ್ಲರೂ ಬ್ಯಾಗು ಹೆಗಲಿಗೇರಿಸಿಕೊಂಡು ಇಳಿದುಹೋದರು. ಕಂಪನಿ ಉಜ್ವಲಾಳನ್ನು ಮನೆಗೆ ಕಳಿಸಿತು. ಯುದ್ಧ ಮುಗಿಯಲಿ, ನೋಡೋಣ ಎಂದಿತು.

ಈಗ ಯುದ್ಧ ನಿಂತಿತ್ತು. ವೀಬ್ರೆನ್ ಬಡ್ತಿ ಪಡೆದು ಕಂಪನಿಯ ಎಲ್ಲ ಹಡಗುಗಳ ಮುಖ್ಯಸ್ಥನಾಗಿ ರೋಟರ್ಡ್ಯಾಮಿನ ಕಚೇರಿಯಲ್ಲಿ ಕೂತಿದ್ದ. ಅವನೇ ಸಂದೇಶ ಕಳಿಸಿದ್ದ. ನಿನ್ನ ಹಡಗು ನಿನ್ನದೇ, ವಿಡಿಯೋ ಕಾಲಿನಲ್ಲಿ ಒಂದು ಸಂದರ್ಶನ, ಆಡಳಿತ ಮಂಡಳಿಗೆ ಬೇಕಾದ್ದು ಒಂದೇ ಮಾತು: ಆ ದಿನದ ತೀರ್ಮಾನ ತಪ್ಪಾಗಿತ್ತು ಎಂದು ಒಪ್ಪಿಕೊ.

ಈಶ್ವರ ಬಳ್ಳಿಯ ಸಾಲು ಸರಿಸಿಕೊಂಡು ಬಂದ. ಕೈಯಲ್ಲಿ ರಬ್ಬರಿನ ಗವಸು, ಗವಸಿನ ತುಂಬ ಚಿಗುರು ಬೇಗ ಒಡೆಯಲೆಂದು ಕಣ್ಣಿಗೆ ಹಚ್ಚುವ ಪೇಸ್ಟು.

"ಅಕ್ಕಾ, ನಾಳೆ ವಿಡಿಯೋ ಕಾಲಿಗೆ ನಮ್ಮ ಮನ್ಯಾಗಿನ ನೆಟ್‌ವರ್ಕ್ ಸಾಲೂದಿಲ್ಲ. ಕಾಕಾನ ಪ್ಯಾಕ್ ಹೌಸಿನ್ಯಾಗ ಮಾಡೂಣೇನಂತ ಕೇಳೀನಿ."

"ಏನಂದ್ರು?"

"ಬಾ ಅಂದಾರ." ಅವನು ಗವಸನ್ನು ನೋಡಿಕೊಂಡ. "ಆದ್ರ ಸಂಘದವರೂ ಕುಂಡ್ರತಾರಂತ. ನೀ ತಪ್ಪಾತು ಅನ್ನೂದನ್ನ ಅವರೂ ಒಂದ್ಸಲ ಕೇಳಬೇಕಂತ."

"ವಿಮಾದ ರೊಕ್ಕ ಎಲ್ಲಾರಿಗೂ ಬಂದೈತಲ್ಲೋ."

"ರೊಕ್ಕದ್ದಲ್ಲಕ್ಕಾ ಇದು. ನಾ ಚಹಾದಂಗಡ್ಯಾಗ ಕುಂಡ್ರೂದ ಬಿಟ್ಟೇನಿ. ಮಲ್ಲೇಶ ಏನಂತಾನ ಗೊತ್ತೈತೇನು? ನಿಮ್ಮಕ್ಕಗ ಸಾಂಗ್ಲಿಗೆ ಹೋಗಂದ್ರ ಗೋವಾ ಸುತ್ತಿ ಹೋಗ್ತಾಳಂತ."

ಉಜ್ವಲಾಗೆ ನಗು ಬಂತು. ತಮ್ಮನಿಗೆ ಬರಲಿಲ್ಲ. "ಒಂದ ಮಾತು," ಎಂದ. "ಅಂದ್ರ ನಿನಗ ಹಡಗ ಸಿಗ್ತೈತಿ, ನನಗ ಊರ ಸಿಗ್ತೈತಿ."

ಅವಳು ಕಡ್ಡಿಯ ಕಣ್ಣು ಎಣಿಸಿದಳು. ಎಣಿಕೆ ತಪ್ಪಿತು. ಮತ್ತೆ ಮೊದಲಿನಿಂದ ಶುರು ಮಾಡಿದಳು.

ಹಡಗು ಬೇಕಾಗಿರಲಿಲ್ಲ ಎಂದಲ್ಲ. ಬೆಳಗಿನ ಜಾವ ಎಚ್ಚರವಾದರೆ ಮಂಚ ಅಲುಗದಿರುವುದೇ ಅವಳಿಗೆ ಒಂದು ಕೊರತೆ. ತೋಟದ ತುದಿಯಲ್ಲಿ ನಿಂತರೆ ಗಾಳಿ ಯಾವ ದಿಕ್ಕಿನದೆಂದು ಕೆನ್ನೆ ತಾನಾಗಿ ತಿರುಗುತ್ತಿತ್ತು. ಮೈಗೆ ಒಂದು ಅಳತೆಯಿರುತ್ತದೆ; ಅವಳದು ಹಡಗಿನ ಅಳತೆ. ಅದನ್ನು ಒಂದು ವಾಕ್ಯ ಹೇಳಿ ಮರಳಿ ಪಡೆಯಬಹುದಿತ್ತು. ವಾಕ್ಯ ದೊಡ್ಡದಾಗಿರಲಿಲ್ಲ. ಸುಳ್ಳಾಗಿತ್ತು, ಅಷ್ಟೆ.

ಸಂಜೆ ತಾಯಿ ರುಕ್ಮವ್ವ ರೊಟ್ಟಿ ಬಡಿಯುತ್ತ ಕೇಳಿದಳು. "ಏನಂತ ಅನ್ನಾಕಿ ನಾಳೆ?"

"ಏನನ್ಲಿ, ನೀ ಹೇಳಬೇ."

"ನನಗೇನ್ ತಿಳೀತೈತಿ. ನೀ ಆ ಕಡೆ ಹೊಂಟಿ ಅಂದಾಗ ಮಂಗಸೂಳಿ ಮಲ್ಲಯ್ಯಗ ಹರಕಿ ಹೊತ್ತಿದ್ನಿ. ನನ್ನ ಮಗಳು ಬರ್ಲಿ ಅಂದಿದ್ನಿ, ದ್ರಾಕ್ಷಿ ಸುದ್ದಿ ಅಂದಿರ್ಲಿಲ್ಲ. ಅಂವ ಹೇಳಿದ್ದಷ್ಟ ಮಾಡ್ಯಾನ." ರೊಟ್ಟಿ ತಿರುವಿ ಹಾಕಿದಳು. "ಖರೆ ಹೇಳು, ಅಂಜಿದ್ದೇನು?"

"ಅಂಜಿದ್ನಿ."

"ಹಂಗಂದ್ರ ಛಲೋ ಆತು. ಅಂಜಿಕಿ ಇಲ್ಲದ ಮನಿಶಾನ ಕೂಡ ಎತ್ತಿನ ಗಾಡ್ಯಾಗೂ ಕುಂಡ್ರಬಾರ್ದು."

ಮರುದಿನ ಮಧ್ಯಾಹ್ನ ಪ್ಯಾಕ್ ಹೌಸಿನಲ್ಲಿ ಜನ ತುಂಬಿದ್ದರು. ಹಣ್ಣಿಲ್ಲದ ತಿಂಗಳು, ಗೊನೆ ಬಿಡಿಸಿ ಪೆಟ್ಟಿಗೆ ತುಂಬುವ ಉದ್ದನೆಯ ಸ್ಟೀಲ್ ಟೇಬಲ್ಲುಗಳು ಖಾಲಿಯಿದ್ದವು. ಸಂಘದವರು ಅವುಗಳ ಎರಡೂ ಬದಿಗೆ ಊಟದ ಪಂಕ್ತಿಯಂತೆ ಕೂತಿದ್ದರು. ಉಜ್ವಲಾ ಬಿಳಿ ಸಮವಸ್ತ್ರದಲ್ಲೇ ಬಂದಿದ್ದಳು. ಇಸ್ತ್ರಿ ಮಾಡಿದ ಗೆರೆ ಮಡಚದಂತೆ ತಮ್ಮನ ಬೈಕಿನ ಹಿಂದೆ ನೆಟ್ಟಗೆ ಕೂತು ಬಂದಿದ್ದಳು. ಕಾಕಾ ಎದ್ದು ನಿಲ್ಲಲಿಲ್ಲ. ಟೋಪಿ ಸರಿಮಾಡಿಕೊಂಡು, "ಬಾ ತಂಗಿ, ಕುಂಡ್ರು," ಎಂದರು. ಮಲ್ಲೇಶ ನಡುವಯಸ್ಸಿನವನು, ಹಾರೂಗೇರಿಯಲ್ಲಿ ಔಷಧಿ ಗೊಬ್ಬರದ ಅಂಗಡಿ ಇಟ್ಟವನು, ಇಂಗ್ಲಿಷ್ ಬಲ್ಲವನು. ಉಳಿದವರಿಗೆ ಅರ್ಥ ಹೇಳಲೆಂದು ಅವನನ್ನು ಮುಂದೆ ಕೂರಿಸಿದ್ದರು.

ಪರದೆಯ ಮೇಲೆ ವೀಬ್ರೆನ್ ಕಾಣಿಸಿಕೊಂಡ. ಪಕ್ಕದಲ್ಲಿ ಆಡಳಿತ ಮಂಡಳಿಯ ಒಬ್ಬ ಹೆಂಗಸು. ಅವನ ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಚೆನ್ನಾಗಿ ಕಾಣುತ್ತಿದ್ದೀಯ," ಎಂದ. "ಹಡಗು ಮುಂದಿನ ತಿಂಗಳು ಮುಂಬೈಗೆ ಬರುತ್ತದೆ. ನೀನೇ ಹತ್ತಬೇಕೆಂದು ನನ್ನ ಆಸೆ. ಒಂದು ಮಾತು ಹೇಳು, ಮುಗಿಸೋಣ. ಆ ದಿನ ಅಪಾಯವನ್ನು ಇದ್ದುದಕ್ಕಿಂತ ದೊಡ್ಡದಾಗಿ ಅಳೆದೆ ಎಂದು."

"ಇದ್ದುದು ಎಷ್ಟು ಎಂದು ಈಗ ಹೇಗೆ ಗೊತ್ತಾಯಿತು?" ಉಜ್ವಲಾ ಕೇಳಿದಳು.

"ನಾನು ದಾಟಿದೆ. ನಿನ್ನ ಹಿಂದೆ ಬಂದವರೂ ಹಲವರು ದಾಟಿದರು."

"ಕೆಲವರು ದಾಟಲಿಲ್ಲ."

"ನಾವು ನಮ್ಮ ಕಂಪನಿಯ ಹಡಗುಗಳ ಮಾತಾಡುತ್ತಿದ್ದೇವೆ."

ಮಲ್ಲೇಶ ಹಿಂದೆ ತಿರುಗಿ ಪಿಸುಗುಟ್ಟಿದ. "ಈಕಿ ವಾದ ಹಾಕಾಕತ್ತಾಳ." ಯಾರೋ ನಿಟ್ಟುಸಿರು ಬಿಟ್ಟರು.

ಉಜ್ವಲಾ ಕ್ಯಾಮೆರಾದ ಕಡೆ ಸ್ವಲ್ಪ ಬಾಗಿದಳು. "ನಿಮ್ಮನ್ನು ಒಂದು ಕೇಳಲೇ? ನೀವು ದಾಟುವಾಗ ಡೆಕ್ಕಿನ ಮೇಲೆ ಯಾರಿದ್ದರು?"

ಪಕ್ಕದ ಹೆಂಗಸು ವೀಬ್ರೆನ್‌ನ ಮುಖ ನೋಡಿದಳು.

"ಯಾರೂ ಇರಲಿಲ್ಲ," ಎಂದ.

"ಎಲ್ಲಿದ್ದರು?"

"ಕೆಳಗೆ, ನಡುವಿನ ಓಣಿಯಲ್ಲಿ. ಕಿಟಕಿಗಳಿಂದ ದೂರ."

"ಜಾಕೆಟ್ ಹಾಕಿಕೊಂಡು?"

"ಹೌದು."

"ಅಂದರೆ ನೀವು ಅಳೆದ ಅಪಾಯವೂ ನಾನು ಅಳೆದಷ್ಟೇ ಇತ್ತು. ನೀವು ಹೋದಿರಿ, ನಾನು ತಿರುಗಿದೆ. ನಿಮಗೆ ಏನೂ ಆಗಲಿಲ್ಲ, ನನಗೆ ಸಂತೋಷ. ಆದರೆ ಏನೂ ಆಗಲಿಲ್ಲ ಎನ್ನುವುದು ಫಲಿತಾಂಶ, ಅಳತೆಯಲ್ಲ. ನನಗೆ ಅಳತೆ ಕಲಿಸಿದವರು ನೀವೇ."

ವೀಬ್ರೆನ್ ಮೂಗಿನ ಬುಡವನ್ನು ಬೆರಳಿನಿಂದ ಒತ್ತಿಕೊಂಡ. ಅವನು ಏನೋ ಹೇಳಲು ಹೊರಟಂತಿತ್ತು. ಅಷ್ಟರಲ್ಲಿ ಹೆಂಗಸು ನಯವಾಗಿ ಕೇಳಿದಳು: "ಕ್ಯಾಪ್ಟನ್, ಮುಂದೆ ಅಂಥದೇ ಸಂದರ್ಭ ಬಂದು, ಕಂಪನಿ ಅಂಥದೇ ಸಲಹೆ ಕೊಟ್ಟರೆ?"

ಪ್ಯಾಕ್ ಹೌಸಿನ ಶೀತಲ ಕೋಣೆಯ ಯಂತ್ರ ಗುಂಯ್ಗುಡುತ್ತಿತ್ತು. ಈಶ್ವರ ಬಾಗಿಲ ಹತ್ತಿರ ನಿಂತು ಅಕ್ಕನ ಬೆನ್ನನ್ನು ನೋಡುತ್ತಿದ್ದ. ಅವನು ನೋಡುತ್ತಿರುವುದು ಅವಳಿಗೆ ತಿಳಿಯುತ್ತಿತ್ತು.

"ಮತ್ತೆ ತಿರುಗಿಸುತ್ತೇನೆ," ಎಂದಳು.

ಹೆಂಗಸು ಧನ್ಯವಾದ ಹೇಳಿದಳು. ಪರದೆ ಕಪ್ಪಾಯಿತು.

"ಏನಾತು?" ಕಾಕಾ ಕೇಳಿದರು.

"ಮತ್ತ ತಿರುಗಸ್ತೀನಿ ಅಂದ್ಲು," ಎಂದ ಮಲ್ಲೇಶ. "ಹಡಗ ಹೋತು, ಮಾತೂ ಹೋತು. ಅದಕ್ಕ ಅನ್ನೂದು, ಹೆಣ್ಣಮಗಳ ಕೈಯಾಗ ಹಡಗ ಕೊಟ್ರ ಅಂಜಿ ಓಡಿ ಬರ್ತಾಳಂತ."

"ಅಂಜಿದ್ನಿ ಮಲ್ಲೇಶಣ್ಣ," ಉಜ್ವಲಾ ಕುರ್ಚಿಯನ್ನು ಅವರ ಕಡೆ ತಿರುಗಿಸಿಕೊಂಡಳು. "ಆ ಡಚ್ ಗಂಡಸೂ ಅಂಜಿದ್ದ. ನೀನ ಕೇಳಿದೆಲ್ಲ, ಮಂದೀನ ಕೆಳಗ ಕೂಡಿಸಿ ಹೋಗ್ಯಾನ. ಇವರಿಗೆ ಅದನ್ನ್ಯಾಕ ಕನ್ನಡದಾಗ ಹೇಳಲಿಲ್ಲ?"

ಮಲ್ಲೇಶ ಟೇಬಲ್ಲಿನ ಸ್ಟೀಲನ್ನು ಉಗುರಿನಿಂದ ಕೆರೆದ. ಕಾಕಾ ಕೈ ಎತ್ತಿ ಅವನನ್ನು ಸುಮ್ಮನಿರಿಸಿದರು. "ಅದಿರ್ಲಿ ತಂಗಿ. ಒಂದ್ ಮಾತ ಅಂದಿದ್ರ ನಿಂದೇನ್ ಗಂಟ ಹೋಗ್ತಿತ್ತು? ನಾವೂ ನಿನ್ನ ಬಾಯಿಂದ ಕೇಳಬೇಕಂತ ಬಂದೀವಿ. ಒಂದು ವಾರ ಹಣ್ಣು ಬಳ್ಳಿ ಮ್ಯಾಲ ಬಿಟ್ಟು ನಿನ್ನ ಹಾದಿ ಕಾದ ಮಂದಿ ನಾವು."

"ಕಾಯ್ರಿ ಅಂತ ನಾ ಅಂದಿದ್ನೇನ್ರಿ ಕಾಕಾ?"

ಕಾಯಿರೆಂದು ಅಂದವರು ಯಾರೆಂದು ಟೇಬಲ್ಲಿನ ಎರಡೂ ಬದಿಗೆ ಗೊತ್ತಿತ್ತು. ಕಾಕಾನ ಮುಖ ಬಿಗಿಯಿತು.

ಉಜ್ವಲಾ ದನಿ ಏರಿಸಲಿಲ್ಲ. "ಈ ಪ್ಯಾಕ್ ಹೌಸ್ ನೀವು ಯಾವ ವರ್ಷದ ಹಣ್ಣಿನ ಮ್ಯಾಲ ಕಟ್ಟಿದ್ರಿ, ನೆನಪೈತ್ಯೋ? ನಮ್ಮಪ್ಪ ಹಡಗಿಗೆ ಫೋನ್ ಮಾಡಿ ಹೇಳಿದ್ದ. ರಾವಸಾಹೇಬಗ ತಲಿ ಕೆಟ್ಟೈತಿ, ಸೆಪ್ಟೆಂಬರ ಹುಟ್ಟೂದಕ್ಕ ಚಾಟ್ನಿ ಮಾಡ್ಯಾನಂತ."

"ಮಾಡಿದ್ನಿ. ಎಲ್ಲಾರಗಿಂತ ಮೊದಲು ಹಣ್ಣ ಬಂತು, ದರ ಸಿಕ್ತು." ಕಾಕಾನ ದನಿಯಲ್ಲಿ ಹಳೆಯ ಹೆಮ್ಮೆ ಇಣುಕಿತು.

"ಆ ವರ್ಷ ಹೂವಿನ ಹೊತ್ತಿಗೆ ಮಳಿ ಬರೂದಿಲ್ಲಂತ ನಿಮಗ ಗೊತ್ತಿತ್ತೇನ್ರಿ?"

"ದೇವರಿಗೂ ಗೊತ್ತಿರ್ಲಿಲ್ಲ."

"ಮರುವರ್ಷ ನಿಮ್ಮನ್ನ ನೋಡಿ ಸೆಪ್ಟೆಂಬರ್‌ದಾಗ ಚಾಟ್ನಿ ಮಾಡಿದವರದು ಏನಾತು?"

ಈ ಸಲ ಎಲ್ಲರೂ ಮಲ್ಲೇಶನ ಕಡೆ ನೋಡಿದರು. ಆ ವರ್ಷ ಹೂ ಬಿಟ್ಟ ವಾರವೇ ಮಳೆ ಹಿಡಿದು, ಅವನ ತೋಟದ ಹೂವೆಲ್ಲ ಕೊಳೆತು ಉದುರಿತ್ತು. ತೋಟ ಬಿಟ್ಟು ಅವನು ಅಂಗಡಿ ಹಾಕಿದ್ದು ಆಮೇಲೆ.

"ಇಬ್ಬರೂ ಒಂದ ಕೆಲಸ ಮಾಡೀರಿ," ಎಂದಳು ಉಜ್ವಲಾ. "ಒಬ್ಬರಿಗೆ ಶ್ಯಾಣ್ಯಾ ಅಂದ್ರು, ಒಬ್ಬರಿಗೆ ಹುಚ್ಚ ಅಂದ್ರು. ನಡುವ ಇದ್ದದ್ದು ಮಳಿ ಒಂದ. ನಿಮ್ಮ ಹಣ್ಣು ಕೊಳೆತಿದ್ದಕ್ಕ ನನಗ ಕೆಟ್ಟ ಅನಸೈತಿ, ಕಾಕಾ. ನಮ್ಮ ತಮ್ಮಂದೂ ಕೊಳತೈತಿ. ಅದನ್ನ ನಾ ಸಾಯೂಮಟ ಅಂತೀನಿ. ಆದ್ರ ತಪ್ಪಾತು ಅನ್ನಾಂಗಿಲ್ಲ. ಆ ಹಡಗಿನ್ಯಾಗ ಇದ್ದ ಹುಡುಗೂರ ಅವ್ವಂದಿರು ಯಾರೂ ಇಲ್ಲಿ ಬಂದು ಕುಂತಿಲ್ಲ. ಕುಂತಿದ್ರ ನೀವೂ ನನಗ ತಪ್ಪಾತು ಅನ್ನಂತ ಕೇಳ್ತಿರ್ಲಿಲ್ಲ."

ಅವಳು ಎದ್ದಳು. ಬಾಗಿಲಲ್ಲಿ ಈಶ್ವರ ಬೈಕಿನ ಕೀಲಿ ತಿರುವುತ್ತ ನಿಂತಿದ್ದ. ಇಬ್ಬರೂ ಬೈಕ್ ಹತ್ತಿ ಮನೆಯ ಕಡೆ ಹೊರಟರು. ಕಬ್ಬಿನ ಟ್ರಾಕ್ಟರೊಂದು ಎದುರಾದಾಗ ರಸ್ತೆ ಬಿಟ್ಟು ಕೆಳಗಿಳಿದು ನಿಂತ. ಟ್ರಾಕ್ಟರ್ ಹೋದ ಮೇಲೂ ಗಾಡಿ ಎಬ್ಬಿಸಲಿಲ್ಲ.

"ಶೆಡ್ಡಿನ ಮ್ಯಾಲಿನ ಬ್ಯಾನರ್ ಇವತ್ತ ತಗೀತೀನಿ," ಎಂದ. "ಕಾಕಾ ಬೇಕಂತ ಅಲ್ಲೇ ಹಾಕ್ಯಾನ. ದಿನಾ ಅದನ್ನ ನೋಡಿ ನನಗ ಹೊಟ್ಟಿ ಉರೀತೈತಿ."

"ಬ್ಯಾಡ ಬಿಡೋ. ಮಳಿ ತಡೀತೈತಲ್ಲ."

ಅವನು ನಕ್ಕ. ಬಹಳ ದಿನಗಳ ನಂತರ ನಕ್ಕಿದ್ದರಿಂದ ಅದು ಕೆಮ್ಮಿನಂತೆ ಕೇಳಿಸಿತು. "ನಾಳೆಯಿಂದ ಚಹಾದಂಗಡಿಗೆ ಹೋಗ್ತೀನಿ," ಎಂದು ಕಿಕ್ ಹೊಡೆದ.

ಕಂಪನಿಯ ಉತ್ತರ ಆ ವಾರವೇ ಬಂತು. ಅವಳ ಸೇವೆಗೆ ಕೃತಜ್ಞತೆ, ಮುಂದಿನ ಬದುಕಿಗೆ ಶುಭಾಶಯ. ವೀಬ್ರೆನ್‌ನ ಹೆಸರು ಕೆಳಗಿತ್ತು. ಅವನು ಬೇರೆ ಏನನ್ನೂ ಬರೆದಿರಲಿಲ್ಲ. ಉಜ್ವಲಾ ಅದನ್ನು ಓದಿ ತೋಟಕ್ಕೆ ಹೋದಳು. ಸಂಜೆಯಿಂದ ತನಗೆ ಗೊತ್ತಿದ್ದ ಎಲ್ಲ ಹಡಗು ಏಜೆಂಟರಿಗೆ ಫೋನ್ ಮಾಡತೊಡಗಿದಳು. ಸುದ್ದಿ ಅವಳಿಗಿಂತ ಮೊದಲೇ ಎಲ್ಲ ಕಡೆ ತಲುಪಿತ್ತು. ಹೇಳಿದ ಮಾತು ಕೇಳದ ಕ್ಯಾಪ್ಟನ್ ಯಾರಿಗೂ ಬೇಕಿರಲಿಲ್ಲ. ಕೊನೆಗೆ ಗುಜರಾತಿನ ಒಬ್ಬ ಮಾಲೀಕ ಸಿಕ್ಕ. ಕಾಂಡ್ಲಾದಿಂದ ಆಫ್ರಿಕಾದ ಪೂರ್ವ ದಂಡೆಗೆ ಅಕ್ಕಿ ಒಯ್ಯುವ ಹಳೆಯ ಹಡಗು. ಕ್ಯಾಪ್ಟನ್ ಇದ್ದಾನೆ, ಅವನ ಕೆಳಗಿನ ಚೀಫ್ ಆಫೀಸರ್ ಜಾಗ ಖಾಲಿ. ಕ್ಯಾಪ್ಟನ್ ಅವಳಿಗಿಂತ ಕಿರಿಯವನು.

"ನಿಮ್ಮ ವಿಷಯ ಕೇಳಿದ್ದೇನೆ," ಎಂದಿದ್ದ ಮಾಲೀಕ ಹಿಂದಿಯಲ್ಲಿ. "ನನ್ನ ಹಡಗು ಹಳೆಯದು. ಬೇಡ ಅನ್ನುವವರು ಒಬ್ಬರು ಅದರಲ್ಲಿ ಇರಲಿ."

ಹೊರಡುವ ಹಿಂದಿನ ದಿನ ಅವಳು ಅಂಗಳದಲ್ಲಿ ಕೂತು ಸಮವಸ್ತ್ರದ ಎರಡೂ ಭುಜಪಟ್ಟಿಗಳನ್ನು ತೊಡೆಯ ಮೇಲಿಟ್ಟುಕೊಂಡಳು. ಚಾಟ್ನಿಯ ಕತ್ತರಿಯ ತುದಿಯಿಂದ ನಾಲ್ಕನೆಯ ಬಂಗಾರದ ಪಟ್ಟಿಯ ಹೊಲಿಗೆ ಬಿಚ್ಚತೊಡಗಿದಳು. ಕತ್ತರಿ ದಪ್ಪ, ದಾರ ಸಣ್ಣದು, ತಾಳ್ಮೆಯ ಕೆಲಸ. ರುಕ್ಮವ್ವ ಬಾಗಿಲಲ್ಲಿ ನಿಂತು ನೋಡಿದಳು.

"ಯಾಕ ಕೀಳಾಕತ್ತೀ ಅದನ್ನ?"

"ಈಗ ನನ್ನ ಹುದ್ದೆಗೆ ಮೂರ ಪಟ್ಟಿಬೇ."

"ಮತ್ತ ನಾಲ್ಕ ಆಗೂದು ಯಾವಾಗ?"

"ಆದಾಗ."

ರುಕ್ಮವ್ವ ಬಿಚ್ಚಿದ ಎರಡೂ ತುಂಡುಗಳನ್ನು ಕೇಳಿ ಇಸಿದುಕೊಂಡಳು. ಮಲ್ಲಯ್ಯನ ಭಂಡಾರದ ಅರಿಶಿನ ಪುಡಿ ಇದ್ದ ಕಾಗದದ ಪೊಟ್ಟಣದಲ್ಲೇ ಸುತ್ತಿ, ಪೊಟ್ಟಣವನ್ನು ಮಗಳ ಬ್ಯಾಗಿನ ತಳಕ್ಕೆ ತುರುಕಿದಳು. "ಹೊಲ್ಯಾಕ ಸೂಜಿ ದಾರಾನೂ ಇಟ್ಟೇನಿ," ಎಂದಳು.

ಆ ಹೊತ್ತಿಗೆ ಗೇಟಿನ ಹತ್ತಿರ ಬುಲೆಟ್ ನಿಂತ ಸದ್ದಾಯಿತು. ರಾವಸಾಹೇಬ ಕಾಕಾ ಒಳಗೆ ಬಂದು, ಕರೆಯದೆಯೇ ಕಟ್ಟೆಯ ಮೇಲೆ ಕೂತರು. ಬೆಲ್ಲದ ಚಹಾ ಕುಡಿದರು. ಈ ಸಲದ ಚಳಿಯ ಬಗ್ಗೆ, ಕಬ್ಬಿನ ಕಾರ್ಖಾನೆ ಶುರುವಾದುದರ ಬಗ್ಗೆ ರುಕ್ಮವ್ವನೊಡನೆ ಮಾತಾಡಿದರು. ಉಜ್ವಲಾ ಪಟ್ಟಿಯ ಮೇಲೆ ಉಳಿದ ದಾರದ ಎಳೆಗಳನ್ನು ಒಂದೊಂದಾಗಿ ಕೀಳುತ್ತಿದ್ದಳು. ಕಾಕಾ ಅವಳ ಕೈಯನ್ನೇ ನೋಡುತ್ತಿದ್ದರು. ಮೂರು ಪಟ್ಟಿ ಕಂಡಿರಬೇಕು.

ಎದ್ದು ನಿಂತ ಮೇಲೆ, ಬುಲೆಟ್ಟಿನ ಕಡೆ ಎರಡು ಹೆಜ್ಜೆ ಇಟ್ಟ ಮೇಲೆ ಹಿಂದಿರುಗಿದರು.

"ಫೆಬ್ರುವಾರಿಗೆ ಹಣ್ಣ ಬರ್ತೈತಿ," ಎಂದರು. "ಈ ಸಲ ಯಾವ ಹಡಗಿಗೆ ಹಾಕೂದು ಛಲೋ? ನಿನಗ ಹಡಗಿನ ತಿಳುವಳಿಕಿ ಐತಿ, ಅದಕ್ಕ ಕೇಳೀನಿ."

ಉಜ್ವಲಾ ಕತ್ತರಿಯನ್ನು ಕೆಳಗಿಟ್ಟಳು.

"ಕ್ಯಾಪ್ಟನ್ ಯಾರಂತ ನಿಮಗ ಗೊತ್ತಿರಲಾರ್ದ ಹಡಗಿಗೆ ಹಾಕ್ರಿ, ಕಾಕಾ. ಮೊದಲ ಯಾವುದು ಹೊಂಡತೈತಿ, ಅದಕ್ಕ."

ಕಾಕಾ ತಲೆಯಾಡಿಸಿ, ಟೋಪಿ ಸರಿಮಾಡಿಕೊಂಡು, ಬುಲೆಟ್ ಎಬ್ಬಿಸಿದರು. ಉಜ್ವಲಾ ಮೂರು ಪಟ್ಟಿಯನ್ನು ಭುಜಕ್ಕೆ ಹಚ್ಚಿ, ನೆಟ್ಟಗಿದೆಯೇ ಎಂದು ತಾಯಿಗೆ ತೋರಿಸಿದಳು.